ಮಾದೇವಪ್ಪನವರ ಮನೆಯ ಫಾರಂ

ಹೋದ ವಾರ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಕಾಗದದ ಕೆಲಸ ಹೇಳಿಕೊಡುವುದಿತ್ತು. ಗೋಂದಿನ ಬಾಟಲಿಗಳು ಸಾಲದೆಂದು ಜವಾನರು ಹಳೆಯ ಡಬ್ಬಿಯೊಂದರಲ್ಲಿ ಮೈದಾ ಕಲಸಿ, ಒಲೆಯ ಮೇಲಿಟ್ಟು ಅಂಟು ಕಾಯಿಸಿ ತಂದರು. ತಳ ಸ್ವಲ್ಪ ಹತ್ತಿತ್ತು. ಆ ಹುಳಿ ಹುಳಿಯಾದ, ಸೀದ ವಾಸನೆ ತರಗತಿಯೊಳಗೆ ಬಂದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಕ್ಕಳನ್ನು ಇನ್ನೊಬ್ಬ ಟೀಚರಿಗೆ ಒಪ್ಪಿಸಿ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಎಂಟು ವರ್ಷದ ಹಿಂದಿನ ನಂಜನಗೂಡಿನ ಒಂದು ಬೇಸಿಗೆ ಎದುರಿಗೆ ಬಂದು ಕೂತಿತು.

ಆಗ ನನಗೆ ಇಪ್ಪತ್ತಮೂರು ವರ್ಷ. ಬಿ.ಎ. ಮುಗಿದು ಎರಡು ವರ್ಷವಾಗಿತ್ತು. ಅಪ್ಪ ತೀರಿಕೊಂಡಿದ್ದರು. ಅಕ್ಕನನ್ನು ತಿರುಮಕೂಡಲು ನರಸೀಪುರಕ್ಕೆ ಕೊಟ್ಟಿತ್ತು. ಅಮ್ಮ ಹಪ್ಪಳ ಒತ್ತಿ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ನಾನು ಮೈಸೂರಿಗೆ ಹೋಗಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕಾರ್ಡು ರಿನ್ಯೂ ಮಾಡಿಸಿಕೊಂಡು ಬರುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದೆ. ಅಂಥ ಹೊತ್ತಿನಲ್ಲಿ ಊರಿನ ಬಡ ಕುಟುಂಬಗಳ ಪಟ್ಟಿ ತಯಾರಿಸಲು ಪುರಸಭೆ ಕಚೇರಿಗೆ ಓದಿದ ಹುಡುಗ ಹುಡುಗಿಯರು ತಾತ್ಕಾಲಿಕವಾಗಿ ಬೇಕೆಂದು ಗೊತ್ತಾಯಿತು. ಎರಡು ತಿಂಗಳ ಕೆಲಸ. ಮನೆಗಿಷ್ಟು ಅಂತ ಕೂಲಿ. ಹೋಗಿ ಹೆಸರು ಬರೆಸಿದೆ, ತೆಗೆದುಕೊಂಡರು.

ನಮ್ಮ ತಂಡಕ್ಕೆ ನಾಗರಾಜು ಅಂತ ಒಬ್ಬರು ಸೂಪರ್‌ವೈಸರ್. ಬಿಳಿಗೆರೆ ಕಡೆಯವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ದಿನವೇ ಕಟ್ಟಪ್ಪಣೆ ಮಾಡಿದರು. "ನೋಡಮ್ಮ, ಯಜಮಾನ ಏನೇಳ್ತಾನೋ ಅದನ್ನ ಬರಿ. ಏನ್ ಕೆಲ್ಸ, ಏನ್ ಸಂಬ್ಳ, ಎಷ್ಟ್ ಜನ. ಸೈನ್ ಆಕಿಸ್ಕೊ, ಮುಂದಿನ ಮನೆಗೆ ನಡಿ. ಕಥೆ ಕೇಳ್ತಾ ಕುತ್ಕಂಡ್ರೆ ಎರಡ್ ತಿಂಗ್ಳಲ್ಲ, ಎರಡ್ ವರ್ಷ ಆಯ್ತದೆ."

ನನಗೆ ಬಂದದ್ದು ಹೊಳೆ ಕಡೆಗಿನ ಎರಡು ಕೇರಿಗಳು. ಆ ವರ್ಷ ಬಿಸಿಲು ಯುಗಾದಿಗೆ ಮೊದಲೇ ಏರಿತ್ತು. ಕಪಿಲೆ ಬತ್ತಿ ಮಧ್ಯದಲ್ಲಿ ಒಂದು ಸೀರೆಯಗಲ ಹರಿಯುತ್ತಿದ್ದಳು. ಮಧ್ಯಾಹ್ನ ಮನೆಗಳಲ್ಲಿ ಯಜಮಾನರು ಸಿಗುತ್ತಿರಲಿಲ್ಲವಾದ್ದರಿಂದ ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಐದರ ಮೇಲೆ ಒಂದು ಸಲ ತಿರುಗುತ್ತಿದ್ದೆ. ಏನು ಕೆಲಸ ಎಂದು ಕೇಳುವುದು ಇಷ್ಟು ಕಷ್ಟದ ಪ್ರಶ್ನೆ ಎಂದು ನನಗೆ ಗೊತ್ತಿರಲಿಲ್ಲ. ಕೇಳಿದ ಕೂಡಲೇ ಕೆಲವರು ಹೆಂಡತಿಯ ಮುಖ ನೋಡುತ್ತಿದ್ದರು. ಕೆಲವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಒಬ್ಬರು, "ಸಿಕ್ಕಿದ್ದು" ಎಂದರು. ಅದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ ಎಂದಾಗ, "ಅಂಗಾರೆ ಸಿಗ್ದೇ ಇದ್ದದ್ದು ಅಂತ ಬರ್ಕೊ" ಎಂದರು. ಒಬ್ಬ ಅಜ್ಜಿ ನನ್ನ ಪ್ರಶ್ನೆಗಳಿಗೆಲ್ಲ ಸಮಾಧಾನವಾಗಿ ಉತ್ತರ ಕೊಟ್ಟು, ಕೊನೆಗೆ ನನ್ನ ಚಪ್ಪಲಿಯ ಕಿತ್ತುಹೋದ ಉಂಗುಷ್ಠ ನೋಡಿ, "ನಿನ್ ಎಸ್ರೂ ಇದ್ರಾಗೆ ಬರ್ಕೊಂಡಿದ್ದೀಯೇನವ್ವ?" ಎಂದು ಕೇಳಿತು.

ನಿಜವಾಗಿ ನಮ್ಮ ಬೀದಿಗೆ ಬೇರೊಬ್ಬ ಹುಡುಗ ಹೋಗಿದ್ದ. ಅವನು ಬಂದಾಗ ಅಮ್ಮ ಹಪ್ಪಳದ ಹಿಟ್ಟನ್ನು ಒಳಗೆ ಎತ್ತಿಟ್ಟು, ಕೈ ಒರೆಸಿಕೊಂಡು ಬಂದು, "ನನ್ನ ಮಗಳು ಗೌರ್ಮೆಂಟ್ ಕೆಲಸದಲ್ಲಿದ್ದಾಳೆ" ಎಂದು ಬರೆಸಿದ್ದಳು. ನಾನು ರೇಗಿದೆ. "ಎರಡು ತಿಂಗಳಿಗಮ್ಮ, ಆಮೇಲೆ ಇಲ್ಲ" ಎಂದೆ. ಅಮ್ಮ ತಲೆ ಎತ್ತದೆ, "ಇವತ್ತು ಇದೆಯಲ್ಲ. ಇದ್ದದ್ದನ್ನ ಹೇಳಿದೆ" ಎಂದಳು. ನಮ್ಮ ಮನೆ ಪಟ್ಟಿಗೆ ಬರಲಿಲ್ಲ.

ಮಾದೇವಪ್ಪನವರ ಮನೆ ಎರಡನೇ ಕೇರಿಯ ಕೊನೆಯಲ್ಲಿತ್ತು. ಹೆಂಚಿನ ಮನೆ, ಮುಂದೊಂದು ಸಣ್ಣ ಜಗಲಿ. ಸಂಜೆ ಆರರ ಸುಮಾರಿಗೆ ಹೋದಾಗ ಒಳಗಿನಿಂದ ಸೀದ ಅಂಟಿನ ವಾಸನೆ ಬಂತು. ಹಜಾರದ ಮೂಲೆಯಲ್ಲಿ ಅವರ ಮಗಳು ಗೀತ ಹಳೆಯ ಪೇಪರುಗಳನ್ನು ಹರಡಿಕೊಂಡು ಅಂಗಡಿಗಳಿಗೆ ಕೊಡುವ ಕವರು ಮಾಡುತ್ತಿದ್ದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಬೆರಳುಗಳು ತಮ್ಮಷ್ಟಕ್ಕೆ ಮಡಿಚಿ, ಸವರಿ, ಒತ್ತುತ್ತಿದ್ದವು. ನಾನು ಬಂದದ್ದನ್ನು ನೋಡಿ ಪೇಪರು ಅತ್ತ ಸರಿಸಿ ಚಾಪೆ ಹಾಕಿದಳು.

ಮಾದೇವಪ್ಪನವರು ಆಗತಾನೆ ಬಂದು ಮುಖ ತೊಳೆದಿದ್ದರು. ಐವತ್ತರ ಆಸುಪಾಸು. ಹಣೆಗೆ ಹೊಸದಾಗಿ ವಿಭೂತಿ. ಗೋಡೆಯ ಮೊಳೆಗೆ ಕಂಪನಿಯ ನೀಲಿ ಅಂಗಿ ತೂಗುತ್ತಿತ್ತು, ಜೇಬಿನ ಮೇಲೆ ಹೊಲಿದ ಅಕ್ಷರಗಳಿದ್ದವು. ನನ್ನ ಪ್ರಶ್ನೆಗಳಿಗೆ ಅವರು ನೆಟ್ಟಗೆ ಕೂತು, ಸ್ಕೂಲಿನ ಹುಡುಗರಂತೆ ಉತ್ತರ ಕೊಟ್ಟರು. ಸೇತುವೆಯಾಚೆಗಿನ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಮೆಷಿನ್ ಆಪರೇಟರ್. ಹದಿನೇಳು ವರ್ಷದ ಸರ್ವಿಸು.

"ಪರ್ಮನೆಂಟಾ?" ಎಂದೆ.

"ಪರ್ಮನೆಂಟೇ ಕಣವ್ವ. ಪಿ.ಎಫ್ಫು, ಇ.ಎಸ್.ಐ ಎಲ್ಲಾ ಐತೆ" ಎಂದರು. ಸಂಬಳ ಹೇಳಿದರು. ನನ್ನ ಪೆನ್ನು ಈಸಿಕೊಂಡು ಇಂಗ್ಲಿಷಿನಲ್ಲಿ, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ತಂದು ಅಡಿಗೆರೆ ಎಳೆದು, ಸಹಿ ಹಾಕಿದರು. ಆ ಸಹಿಯನ್ನು ಅವರು ಹಾಕಿದ ರೀತಿ ನೋಡಿ ನನಗೆ ಸಂತೋಷವಾಯಿತು. ದಿನಕ್ಕೆ ಮೂವತ್ತು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವಳು ನಾನು.

ಅವರ ಹೆಂಡತಿ ರಾಜಮ್ಮ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಕೇರಿಯ ತಿರುವಿನ ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಖಾಲಿ ಕೊಡ ಹಿಡಿದು ಹಿಂದಿನಿಂದ ಬಂದರು. ನಲ್ಲಿಯಲ್ಲಿ ನೀರಿರಲಿಲ್ಲ, ಆದರೂ ಕೊಡ ಅದರ ಕೆಳಗಿಟ್ಟರು.

"ಫಾರಂನಾಗೆ ಬರ್ದದ್ನ ಒಡ್ದಾಕ್ ಬುಡವ್ವ" ಎಂದರು. "ಆ ಫ್ಯಾಕ್ಟ್ರಿಗೆ ಬೀಗ ಜಡ್ದು ಎಂಟ್ ತಿಂಗ್ಳಾಯ್ತು. ಒಂದ್ ಕಾಸೂ ಕೊಟ್ಟಿಲ್ಲ."

ನನಗೆ ಅರ್ಥವಾಗಲಿಲ್ಲ. "ದಿನಾ ಡ್ಯೂಟಿಗೆ ಹೋಗ್ತಾರಲ್ಲ?" ಎಂದೆ. ಬೆಳಿಗ್ಗೆ ಕೇರಿಗೆ ಬಂದಾಗಲೆಲ್ಲ ಆ ನೀಲಿ ಅಂಗಿಯನ್ನು, ಕೈಯಲ್ಲಿನ ಟಿಫನ್ ಕ್ಯಾರಿಯರನ್ನು ನಾನೇ ನೋಡಿದ್ದೆ.

"ಓಯ್ತಾರೆ. ಎಲ್ಲಿಗೆ ಓಯ್ತಾರೋ ನಂಗೂ ಏಳಕಿಲ್ಲ. ಶನಿವಾರ ಒಂದಿಷ್ಟು ದುಡ್ ತಂದು ದೇವ್ರ ಮುಂದೆ ಇಡ್ತಾರೆ. ಕೇಳುದ್ರೆ ಅನ್ನ ಬುಟ್ ಎದ್ದೋಯ್ತಾರೆ." ರಾಜಮ್ಮ ಸುತ್ತ ನೋಡಿದರು. "ಮಗೀಗೆ ಕಳಲೆ ಕಡೆ ಸಂಬಂಧ ಗೊತ್ತಾಗದೆ. ಉಡ್ಗ ಸೊಸೈಟೀಲಿ ಕೆಲ್ಸುದಲ್ಲವ್ನೆ, ಒಳ್ಳೆ ಜನ. ಕಂಪ್ನಿ ಕೆಲ್ಸುದೋರ ಮಗ್ಳು ಅಂತ ಒಪ್ಕಂಡವ್ರೆ. ಅದ್ಕೇ ಯಜಮಾನ್ರು ಇಂಗೆ. ನಾಳೆ ಮದ್ವೆ ಆದ್ಮೇಲೆ ನಾವಿಬ್ರೂ ಏನ್ ತಿನ್ನದು ಏಳು? ನೀನು ಇದ್ದದ್ದು ಇದ್ದಂಗೆ ಬರ್ಕೊ. ಅವ್ರಿಗ್ ಮಾತ್ರ ಗೊತ್ತಾಗದ್ ಬ್ಯಾಡ."

ಯಜಮಾನರ ಮಾತನ್ನೇ ಬರೆಯಬೇಕೆಂಬ ಕಾನೂನಿದೆ ಎಂದು ನಾನು ಹೇಳಿದೆ. ರಾಜಮ್ಮ ಕೊಡ ಎತ್ತಿಕೊಂಡರು. "ಕಾನೂನು ಬರ್ದೋರು ನಮ್ಮನೆ ಒಲೆ ನೋಡಿದ್ರಾ?" ಎಂದಷ್ಟೇ ಹೇಳಿ ಹೋದರು.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಅವಳಿಗೆ ಹೆರಿಗೆಯಾಗಿ ತಿಂಗಳಾಗಿತ್ತು. ನರಸೀಪುರದಲ್ಲಿ ಅವರ ಮನೆಗೆ ಹೊಳೆ ಹತ್ತಿರವೇ. ಬೆಳಿಗ್ಗೆ ಕೂಸಿನ ಬಟ್ಟೆ ಗಂಟು ಕಟ್ಟಿಕೊಂಡು ಒಗೆಯಲು ಹೋದೆ. ಜನ ಸ್ನಾನ ಮಾಡುವ ಕಡೆಯಿಂದ ದೂರ, ಎರಡು ಹೊಳೆಯೂ ಕೂಡಿ ಮರಳು ಬೆಳ್ಳಗೆ ಎದ್ದು ಕಾಣುವ ಕಡೆ, ಲಾರಿಗಳು ಸಾಲಾಗಿ ನಿಂತಿದ್ದವು. ಹತ್ತಿಪ್ಪತ್ತು ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಬಾಂಡಲಿಯಲ್ಲಿ ಮರಳು ಬಗೆದು ಮೇಲೆ ಹೊರುತ್ತಿದ್ದರು. ತಲೆಯ ಮೇಲಿನ ಬಾಂಡಲಿಯಿಂದ ನೀರು ಬೆನ್ನ ಮೇಲೆ ಸುರಿಯುತ್ತಿತ್ತು.

ಅವರಲ್ಲೊಬ್ಬರು ದಡ ಹತ್ತುವಾಗ ಜಾರಿ ಮೊಣಕಾಲೂರಿದರು. ಬಾಂಡಲಿ ಬಿತ್ತು. ಲಾರಿಯ ಹತ್ತಿರ ನಿಂತಿದ್ದವನು, "ಏಯ್ ಮುದ್ಕಪ್ಪ, ಆಗದಿದ್ರೆ ಮನೇಲಿರು, ಯಾಕ್ ಬತ್ತೀಯ ಪ್ರಾಣ ತೆಗ್ಯಕೆ" ಎಂದು ಕೂಗಿದ. ಅವರು ಬಾಂಡಲಿ ಎತ್ತಿಕೊಂಡು ಮತ್ತೆ ನೀರಿಗಿಳಿಯಲು ತಿರುಗಿದರು. ಆಗ ಮುಖ ಕಂಡಿತು.

ನಾನು ಎದ್ದುಹೋಗಬಹುದಿತ್ತು. ಹೋಗಲಿಲ್ಲ. ಅವರೂ ನನ್ನನ್ನು ನೋಡಿದರು. ಸ್ವಲ್ಪ ಹೊತ್ತು ನೀರಿನಲ್ಲೇ ನಿಂತಿದ್ದು, ಆಮೇಲೆ ಟವಲು ಹೆಗಲಿಗೆ ಹಾಕಿಕೊಂಡು ನಾನಿದ್ದ ಕಲ್ಲಿನ ಕಡೆ ಬಂದರು. ಟವಲಿನ ಅಂಚಿನಲ್ಲಿ ಹೆಗಲ ಚರ್ಮ ಸುಲಿದು ಕೆಂಪಗಿತ್ತು.

"ನಮ್ಮೂರಲ್ಲಾದ್ರೆ ಯಾರಾದ್ರೂ ನೋಡ್ತಾರೆ ಅಂತ ಇಲ್ಲಿಗ್ ಬತ್ತೀನಿ" ಎಂದರು. "ಇಲ್ಲೂ ನೀನ್ ಸಿಕ್ದೆ ನೋಡು."

ಅವರು ನಗಲು ನೋಡಿದರು. "ಫಾರಂ ತಿದ್ದಬಹುದು ಮಾದೇವಪ್ಪೋರೆ. ರೇಷನ್ ಕಾರ್ಡ್ ಸಿಗುತ್ತೆ" ಎಂದೆ.

"ಬ್ಯಾಡ ಕಣವ್ವ. ಬರ್ದಂಗೇ ಇರ್ಲಿ. ವೈಶಾಖದಲ್ಲಿ ಮದ್ವೆ. ಅದೊಂದ್ ಆಗೋಯ್ತು ಅಂದ್ರೆ ಸಾಕು, ಆಮೇಲೆ ನಾನು ಏನಾದ್ರೂ ಆಯ್ತೀನಿ. ಕೂಲಿಯೋನು ಅಂತ್ಲಾದ್ರೂ ಬರ್ಕೊ, ಭಿಕ್ಸುಕ ಅಂತ್ಲಾದ್ರೂ ಬರ್ಕೊ." ಆಮೇಲೆ ಕೇಳಿದರು, "ಮಾತ್ ಕೊಡ್ತೀಯಾ?"

"ಆಯ್ತು" ಎಂದೆ.

ಲಾರಿಯವನು ಮತ್ತೆ ಕೂಗಿದ. ಅವರು ಹೋದರು. ಕೂಸಿನ ಬಟ್ಟೆಗಳನ್ನು ನಾನು ಎರಡೆರಡು ಸಲ ಒಗೆದೆ.

ಫಾರಂಗಳನ್ನು ಒಪ್ಪಿಸಲು ಇನ್ನು ನಾಲ್ಕು ದಿನವಿತ್ತು. ಮನೆಗೆ ಬಂದು ಅವರ ಹಾಳೆಯನ್ನು ಕಟ್ಟಿನಿಂದ ತೆಗೆದು ಮುಂದಿಟ್ಟುಕೊಂಡೆ. ಮಾತು ಕೊಟ್ಟದ್ದು ನೆನಪಿತ್ತು. ಆದರೆ ಕಣ್ಣು ಮುಚ್ಚಿದರೆ ಆ ಹೆಗಲು ಕಾಣುತ್ತಿತ್ತು, ಖಾಲಿ ನಲ್ಲಿಯ ಕೆಳಗೆ ಕೊಡ ಹಿಡಿದ ರಾಜಮ್ಮ ಕಾಣುತ್ತಿದ್ದರು. ಮಳೆ ಬಂದು ಹೊಳೆ ತುಂಬಿದರೆ ಮರಳಿನ ಕೆಲಸವೂ ನಿಲ್ಲುತ್ತದೆ. ಆಮೇಲೆ ಆ ಮನೆಗೆ ಏನು? ಪಟ್ಟಿಯನ್ನು ಆಕ್ಷೇಪಣೆಗಾಗಿ ಕಚೇರಿಯ ಗೋಡೆಗೆ ಅಂಟಿಸುತ್ತಾರೆಂದು ಟ್ರೈನಿಂಗಿನಲ್ಲಿ ಹೇಳಿದ್ದರು. ಅದು ನನಗೆ ಗೊತ್ತಿತ್ತು. ಆದರೆ ಕಚೇರಿಯ ಕೆಲಸ ಯಾವತ್ತು ಹೇಳಿದ ದಿನಕ್ಕೆ ಆಗಿದೆ, ಅಷ್ಟರಲ್ಲಿ ಮದುವೆ ಮುಗಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ವಿಷಯವನ್ನು ರಾಜಮ್ಮನಿಗೂ ಹೇಳಲಿಲ್ಲ.

'ಕಾರ್ಖಾನೆ ನೌಕರ, ಕಾಯಂ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಮರಳು ಕೂಲಿ' ಎಂದು ಬರೆದೆ. ತಿದ್ದಿದ ಕಡೆ ಯಜಮಾನರ ಸಹಿ ಇರಬೇಕಿತ್ತು. ರಫ್ ಪುಸ್ತಕದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ, ಬಾಲ ಹಿಂದಕ್ಕೆ ತಂದು ಅಡಿಗೆರೆ ಎಳೆದು, ಮಾದೇವಪ್ಪನವರ ಸಹಿಯನ್ನು ನಾನೇ ಹಾಕಿದೆ. ನಾಗರಾಜು ಸಾರ್ ಒಂದು ಸಲ ಹಾಳೆ ನೋಡಿ, ಒಂದು ಸಲ ನನ್ನ ಮುಖ ನೋಡಿ, ಏನೂ ಕೇಳದೆ ಕಟ್ಟಿಗೆ ಸೇರಿಸಿದರು.

ಆ ವರ್ಷ ಮಾತ್ರ ಕಚೇರಿಯವರು ಹೇಳಿದ ದಿನಕ್ಕೇ ಕೆಲಸ ಮಾಡಿದರು. ಮೇಲಿನಿಂದ ಅವಸರ ಬಂದಿತ್ತಂತೆ. ಮದುವೆಗೆ ಹನ್ನೆರಡು ದಿನ ಉಳಿದಿರುವಾಗ ಪಟ್ಟಿ ಗೋಡೆಗೆ ಬಿತ್ತು. ಹೆಸರು, ಕೇರಿ, ಉದ್ಯೋಗ. ಬಿಸಿಲಿನಲ್ಲಿ ಜನ ಮುಗಿಬಿದ್ದು ಬೆರಳಿಟ್ಟು ಹುಡುಕುತ್ತಿದ್ದರು. ಹೆಸರು ಇಲ್ಲದವರು ಜಗಳಕ್ಕೆ ಬರುತ್ತಿದ್ದರು. ಹೆಸರು ಇದೆಯೆಂದು ನೊಂದವರು ಆ ಊರಿನಲ್ಲಿ ಒಬ್ಬರೇ ಇದ್ದಿರಬೇಕು.

ಕಚೇರಿಯ ಎದುರಿಗೆ ಗೊಬ್ಬರದ ಅಂಗಡಿ. ಅದು ಕಳಲೆಯ ಗಂಡಿನ ಸೋದರಮಾವನದೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮೂರನೇ ದಿನ ಗಂಡಿನ ಕಡೆಯ ನಾಲ್ವರು ಹಿರಿಯರು ಬಂದು ಮಾದೇವಪ್ಪನವರ ಮನೆಯ ಜಗಲಿಯ ಮೇಲೆ ಕೂತು, ನೀರನ್ನೂ ಮುಟ್ಟದೆ ಮಾತು ಮುರಿದುಕೊಂಡು ಹೋದರು. "ಬಡವ್ರು ಅಂತ ಅಲ್ಲ ಕಣ್ರೀ. ನಾವೇನ್ ಸಾವ್ಕಾರ್ರಾ? ಸುಳ್ ಏಳುದ್ರಲ್ಲ, ಅದು" ಎಂದರಂತೆ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ನನಗೆ ಸುದ್ದಿ ಮುಟ್ಟಿದ್ದು ಮಾರನೆಯ ದಿನ. ಅಮ್ಮ ಬೇಡವೆಂದರೂ ಹೋದೆ. ರಾಜಮ್ಮ ಹೊಸ್ತಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಮುಖ ಒಳಕ್ಕೆ ತಿರುಗಿಸಿಕೊಂಡರು. ಬಯ್ಯಲಿಲ್ಲ, ನೀವೇ ಹೇಳಿದ್ದಲ್ಲವೇ ಎನ್ನಲು ನನಗೂ ಬಾಯಿ ಬರಲಿಲ್ಲ. ಗೀತ ಕಾಣಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ ಇತ್ತು.

ಮಾದೇವಪ್ಪನವರು, "ಬಾವ್ವ, ಕುತ್ಕೊ" ಎಂದರು. ತಾವೇ ಎದ್ದು ಲೋಟದಲ್ಲಿ ನೀರು ತಂದಿಟ್ಟರು. ನಾನು ಅಳುತ್ತಿದ್ದೆ. ಅವರು ಬೀದಿಯ ಕಡೆ ತಿರುಗಿ ಕೂತರು. ಆಮೇಲೆ ನಿಧಾನವಾಗಿ ಹೇಳಿದರು, "ಆಪೀಸ್ಗೆ ಓಗಿದ್ದೆ. ಫಾರಂ ತಗ್ದು ತೋರ್ಸುದ್ರು. ನನ್ ಸೈನು ಚೆನ್ನಾಗೇ ಆಕಿದ್ದೀಯ."

ಅಷ್ಟೇ. ಕಚೇರಿಯಲ್ಲಿ ಅದು ತಮ್ಮ ಸಹಿಯಲ್ಲ ಎಂದು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಇನ್ನೇನೇನಾಗುತ್ತಿತ್ತೋ. ಅವರು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಆಕ್ಷೇಪಣೆ ಬಂದ ಒಂದೆರಡು ಮನೆಗಳನ್ನು ಮತ್ತೆ ನೋಡಿಬರಲು ಆ ಕೇರಿಯಲ್ಲೇ ಇದ್ದೆ. ಏಳೂವರೆಗೆ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು, ಟಿಫನ್ ಕ್ಯಾರಿಯರ್ ಹಿಡಿದು ಮಾದೇವಪ್ಪನವರು ಹೊರಗೆ ಬಂದರು. ಗೋಡೆಯ ಮೇಲಿನ ಪಟ್ಟಿಯನ್ನು ಇಡೀ ಕೇರಿ ಓದಿತ್ತು. ಎದುರು ಮನೆಯ ದರ್ಜಿ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದವರು ಒಂದು ಗಳಿಗೆ ತಡವರಿಸಿ, ಆಮೇಲೆ ಎಂದಿನಂತೆ ಕೇಳಿದರು, "ಡ್ಯೂಟಿಗಾ ಮಾದೇವಪ್ಪಣ್ಣ?"

"ಊಂ ಕಣಪ್ಪ" ಎಂದು ಅವರು ಬಸ್ ಸ್ಟಾಂಡಿನ ಕಡೆ ನಡೆದರು.

ಜೂನಿನಲ್ಲಿ ವಯನಾಡಿನ ಕಡೆ ಮಳೆ ಹಿಡಿದು, ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಕೆಂಪಗೆ ಬಂತು. ಮರಳಿನ ಲಾರಿಗಳು ನಿಂತವು. ನನ್ನ ಎರಡು ತಿಂಗಳೂ ಮುಗಿದಿತ್ತು. ಆಷಾಢದ ಗಾಳಿಯಲ್ಲಿ ಒಂದು ದಿನ ರೇಷನ್ ಅಂಗಡಿಯ ಸಾಲಿನಲ್ಲಿ ರಾಜಮ್ಮ ಹೊಸ ಕಾರ್ಡನ್ನು ಸೆರಗಿನೊಳಗೆ ಹಿಡಿದು ನಿಂತಿದ್ದನ್ನು ದೂರದಿಂದ ಕಂಡು ಬೇರೆ ದಾರಿಯಲ್ಲಿ ಮನೆಗೆ ಹೋದೆ. ಮುಂದಿನ ವರ್ಷ ನನಗೆ ಶಾಲೆಯ ಕೆಲಸ ಸಿಕ್ಕಿ ನರಸೀಪುರಕ್ಕೆ ಬಂದೆ. ಮಾದೇವಪ್ಪನವರು ಒಂದು ಗೋಡೌನಿನಲ್ಲಿ ವಾಚ್‌ಮನ್ ಆಗಿದ್ದರಂತೆ, ಎದೆನೋವು ಬಂದು ಹೋಗಿಬಿಟ್ಟರಂತೆ ಎಂದು ಅಮ್ಮ ಯಾವಾಗಲೋ ಹೇಳಿದಳು. ಕಾರ್ಖಾನೆಯ ಬಾಕಿ ಏನಾಯಿತೆಂದು ನಾನು ಕೇಳಲಿಲ್ಲ.

ಕಳೆದ ವರ್ಷ ಮೈಸೂರಿನಿಂದ ನಂಜನಗೂಡಿಗೆ ಬರುತ್ತಿದ್ದೆ. ಕೈಗಾರಿಕಾ ಪ್ರದೇಶದ ಸ್ಟಾಪಿನಲ್ಲಿ ಗಾರ್ಮೆಂಟ್ಸ್ ಹೆಂಗಸರ ಗುಂಪು ಬಸ್ಸು ಹತ್ತಿತು. ಅವರಲ್ಲೊಬ್ಬಳು ನನ್ನ ಪಕ್ಕ ಕೂತು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನೀವು ಲಿಸ್ಟ್ ಬರ್ಯಕ್ ಬಂದಿದ್ ಅಕ್ಕ ಅಲ್ವಾ?" ಎಂದಳು.

ಗೀತ. ಕೂದಲಲ್ಲಿ ದಾರದ ಎಳೆಗಳು ಸಿಕ್ಕಿಕೊಂಡಿದ್ದವು. ಕೊರಳಲ್ಲಿ ಕಂಪನಿಯ ಕಾರ್ಡು, ತಾಳಿ ಇರಲಿಲ್ಲ. ನನ್ನ ಮುಖ ಏನಾಯಿತೋ, ಅವಳೇ ಮಾತು ಮುಂದುವರಿಸಿದಳು. ಲೈನ್ ಸೂಪರ್‌ವೈಸರ್ ಆಗಿದ್ದಾಳಂತೆ. ಅವ್ವನ ಕಣ್ಣಿನ ಆಪರೇಷನ್ ಮಾಡಿಸಿದ್ದಾಳಂತೆ. ನಾನು ಹೇಗೋ ಧೈರ್ಯ ಮಾಡಿ ಆ ಬೇಸಿಗೆಯ ಮಾತು ತೆಗೆದೆ. ನನ್ನಿಂದ ಹಾಗಾಯಿತು ಎಂದೆ.

"ಅವ್ವ ಕೇಳ್ತು, ನೀವ್ ಬರುದ್ರಿ. ಅಕ್ಕಿ ಸಿಕ್ತು, ಅದ್ನ ತಿಂದೇ ಅವತ್ತು ಬದುಕ್ಕಂಡದ್ದು. ಸುಳ್ಳಲ್ಲ" ಎಂದಳು. ಕಿಟಕಿಯ ಆಚೆ ನೋಡಿ ಹೇಳಿದಳು, "ನೀವ್ ಅಪ್ಪನ್ ಕೇಳುದ್ರಿ, ಅವ್ವನ್ ಕೇಳುದ್ರಿ. ನನ್ನ ಒಂದ್ ಮಾತ್ ಕೇಳಿದ್ರೆ ಏಳ್ತಿದ್ದೆ ಅಕ್ಕ. ಅವ್ರಿಗೆ ಗೊತ್ತಿತ್ತು."

"ಯಾರಿಗೆ?"

"ಕಳಲೆ ಉಡ್ಗಂಗೆ. ನಿಶ್ಚಿತಾರ್ಥದ ದಿನಾನೇ ನಾನೇ ಏಳ್ಬುಟ್ಟಿದ್ದೆ, ಅಪ್ಪನ್ ಫ್ಯಾಕ್ಟ್ರಿ ಮುಚ್ಚೋಗದೆ ಅಂತ. ಅದ್ಕೇನಂತೆ, ಮದ್ವೆ ಆಗ್ಲಿ, ನಮ್ಮನೆಯೋರ್ಗೆ ನಿಧಾನಕ್ ನಾನೇ ಏಳ್ತೀನಿ ಅಂದಿದ್ರು. ಗೋಡೆ ಮೇಲೆ ಬಂದ್ಮೇಲೆ ಏನ್ ಏಳದು? ಇರೀಕ್ರು ಮಾತಾಡ್ಕಂಡ್ರು, ಮುಗೀತು."

ಬಸ್ಸು ಸೇತುವೆ ದಾಟಿತು. ಅವಳು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಅವ್ವ ನಿಮ್ಮುನ್ನ ನೆನುಸ್ಕೊತಿರ್ತದೆ" ಎಂದಳು. "ಆ ಉಡ್ಗಿ ಜೊತೆ ಅವತ್ತು ಮಾತಾಡ್ನಿಲ್ಲ ನಾನು ಅಂತ ಏಳ್ತಿರ್ತದೆ. ಒಂದ್ಸಲ ಮನೆಗ್ ಬನ್ನಿ ಅಕ್ಕ. ಅದೇ ಮನೆ."

ಬರುತ್ತೇನೆ ಎಂದು ತಲೆಯಾಡಿಸಿದೆ. ಅಮ್ಮನನ್ನು ನೋಡಲು ತಿಂಗಳಿಗೊಮ್ಮೆ ನಂಜನಗೂಡಿಗೆ ಹೋಗುತ್ತೇನೆ. ಆ ಕೇರಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಇನ್ನೂ ಹೋಗಿಲ್ಲ.